ಒಂಬತ್ತನೇ ಮಹಡಿಗೆ

ಬ್ಲ್ಯಾಕ್‌ಟೌನ್, ಮೇ ೨೦೦೭

ಪ್ರೀತಿಯ ವೆನಿಟಾ,

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಪತ್ರ. ನಿನ್ನ ಮಮ್ಮಿ ಇದ್ದಾಗ ಅವಳ ಕೈ ಹಿಡಿದು ಹೇಗೋ ಲಿಫ್ಟ್ ಹತ್ತುತ್ತಿದ್ದೆ. ಈಗ ಈ ಲಿಫ್ಟಿನ ಹೆದರಿಕೆಗೆ ಸೈಕಾಲಜಿಸ್ಟ್ ಬಳಿ ಹೋಗುತ್ತಿದ್ದೇನೆ. ಗ್ರ್ಯಾಜುಯಲ್ ಎಕ್ಸ್‌ಪೋಷರ್ ಅಂತೆ, ಹೆದರುವುದಕ್ಕೆ ಸ್ವಲ್ಪ ಸ್ವಲ್ಪವಾಗಿ ಒಡ್ಡಿಕೊಳ್ಳೋದು. ನಮ್ಮ ಕಾಲೇಜಿನಲ್ಲಿ ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾದ ಪಾಠ ಅಂತ ನೆನಪು. ಮೊದಲು ಬಾಗಿಲು ತೆರೆದ ಲಿಫ್ಟಿನಲ್ಲಿ ಸುಮ್ಮನೆ ನಿಲ್ಲಿಸಿದರು, ಆಮೇಲೆ ಒಂದು ಮಹಡಿ. ನಾನು ಜೇಬಿನಲ್ಲಿ ಜಪಸರ ಹಿಡಿದಿದ್ದೆ, ಸೈಕಾಲಜಿಸ್ಟ್ ಮೇಡಂ ಕಂಡುಬಿಟ್ಟರು.

“ಅದು ಹೊರಗಿರಲಿ ಕ್ಲಾರೆನ್ಸ್, ಧೈರ್ಯ ನಿಮ್ಮದೇ ಆಗಬೇಕು.”

“ಮೇಡಂ, ಮದರ್ ಮೇರಿಯನ್ನ ಕಾರಿಡಾರಲ್ಲಿ ಕಾಯಿಸೋದಾ?”

ನಕ್ಕರು, ಆದರೆ ಬಿಡಲಿಲ್ಲ.

ನೀನು ಪ್ರತಿ ಭಾನುವಾರ ಮಗುವನ್ನು ನನಗಾಗಿ ಕೆಳಗಿನ ಲಾಬಿಗೆ ತರುವುದು ನನ್ನ ಹೆದರಿಕೆಗೆ ಅನ್ನ ಹಾಕಿದ ಹಾಗಂತೆ. ಈ ಸಲ ಇಳಿಯಬೇಡ. ಮೇಲೆ ಒಂಬತ್ತನೇ ಮಹಡಿಯಲ್ಲಿ ನಿಮ್ಮ ಬಾಗಿಲು ತೆರೆದಿಟ್ಟಿರು. ನಾನು ಬೆವರಿದ್ದರೆ ಏನೂ ಕೇಳಬೇಡ, ಮಗುವನ್ನು ಕೊಡು.

ನಿನ್ನ ಡ್ಯಾಡಿ,
ಕ್ಲಾರೆನ್ಸ್