ಚಂದಯ್ಯನ ಗೂಟ

4 ಅಕ್ಟೋಬರ್ 1964, ಭಾನುವಾರ

ಎಂದಿನಂತೆ ಮೂರಕ್ಕೆ ದೋಣಿ ಇಳಿಸಿದೆ. ವಾರವಿಡೀ ಶಾಲೆಯಲ್ಲಿ ಲೆಕ್ಕ ಹೇಳಿ ಕಾದ ತಲೆ — ಹೊಳೆಯಲ್ಲಿ ಒಂದು ಸುತ್ತು ತಿರುಗಿದರೆ ತಣ್ಣಗಾಗುತ್ತದೆ. ಕಡವಿನಲ್ಲಿ ದೋಣಿ ದಾಟಿಸುವ ಚಂದಯ್ಯ ಎಚ್ಚರಿಸಿದ್ದ: "ಹ್ವಾಯ್ ಮಾಷ್ಟ್ರೇ, ಈ ಮಳಿಗೆ ಹೊಯ್ಗಿ ಜಾಗ ಬದ್ಲ್ ಮಾಡಿತ್. ಗೂಟದ ಮೂಡ್ಬದಿಯಂಗೇ ಹೋಯ್ನಿ."

ಮಳೆಗಾಲದಲ್ಲಿ ಹೊಯ್ಗೆ, ಅಂದರೆ ಮರಳು, ಸರಿದಾಡುತ್ತದೆ; ಆಮೇಲೆ ಆಳ ನೋಡಿ ಹೊಳೆಯಲ್ಲಿ ಗೂಟ ನೆಡುವವನು ಅವನೇ. ಎಲ್ಲ ದೋಣಿಗೂ ಅದೇ ಗುರುತು. ನಾನು ಅವನು ಹೇಳಿದ ಪೂರ್ವದ ಬದಿ ಬಿಟ್ಟು, ಹೋದ ವರ್ಷದ ರೂಢಿಯಲ್ಲಿ ಪಡುಬದಿಗೆ ಹೋದೆ. ಸಮುದ್ರದ ಇಳಿತದ ಹೊತ್ತು ಬೇರೆ. ದೋಣಿ ಮರಳಿಗೆ ಕಚ್ಚಿತು. ನೀರಿಗಿಳಿದು ಗೂಟ ಕಿತ್ತೆ, ಅದರಿಂದಲೇ ಮೀಟಿ ಪಾರಾದೆ. ಮತ್ತೆ ನೆಟ್ಟರೆ ಅಲ್ಲಿ ನಿಲ್ಲಲಿಲ್ಲ. ಇಪ್ಪತ್ತು ಮಾರು ಪಶ್ಚಿಮಕ್ಕೆ, ಮರಳು ಗಟ್ಟಿಯಿದ್ದ ಕಡೆ ಚುಚ್ಚಿ ಬಂದೆ. ಈಗ ಗೂಟದ ಪೂರ್ವಕ್ಕೇ ಮರಳು; ಚಂದಯ್ಯನಿಗೆ ನಾಳೆ ಹೇಳಿದರಾಯಿತು.

5 ಅಕ್ಟೋಬರ್

ಚಂದಯ್ಯ ಉಪ್ಪುಂದದಲ್ಲಿ, ಮಗಳ ಮನೆಯಲ್ಲಿ. ಬರುವುದು ವಾರ ಕಳೆದು. ಹೆಂಡತಿ ಗೋಮತಿಗೆ ಹೇಳಲಿಲ್ಲ. ಹೇಳಿದರೆ ದೋಣಿಯನ್ನೇ ಮಾರಿಸುತ್ತಾಳೆ.

13 ಅಕ್ಟೋಬರ್

ಚಂದಯ್ಯ ಸಿಕ್ಕ. "ಗೂಟ ಸಮ ಇತ್ತಾ ಮಾಷ್ಟ್ರೇ?"

"ಇತ್ತ್ ಮಾರಾಯ" ಅಂದೆ.

ಯಾಕೆ ಹಾಗಂದೆ? ನಾಚಿಕೆ... ಇದಕ್ಕಿಂತ ಸಣ್ಣ ತಪ್ಪಿಗೆ ಹುಡುಗರಿಗೆ ಬೆತ್ತ ಬೀಸುತ್ತೇನೆ.

18 ಅಕ್ಟೋಬರ್, ಭಾನುವಾರ, ಮಧ್ಯಾಹ್ನ 3

ಕುಂಭಾಶಿ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬಂದೆ. ಇವತ್ತು ಚಂದಯ್ಯನಿಗೆ ಹೇಳಿಯೇ ಬಿಡುವುದೆಂದು ಮನಸ್ಸು ಗಟ್ಟಿ ಮಾಡಿದ್ದೆ. ಬಂದು ನೋಡಿದರೆ ನಮ್ಮ ಮನೆಗೆ ಬೀಗ. ಪಕ್ಕದ ಮನೆಯ ಜಲಜ ಅಂದಳು: "ನಿಮ್ ಭಾವ ಬೊಂಬಾಯಿಂದ ಬಂದ್ರಲೆ. ಗೋಮತಿ ಅಕ್ಕನ್ನೂ ರತ್ನನ್ನೂ ದೋಣಿಯಂಗೆ ತಿರ್ಗುಕೆ ಕರ್ಕಂಡ್ ಹ್ವಾದ್ರ್. ಗೂಟ ಇತ್ತಲ, ಎಂತ ಹೆದ್ರಿಕೆ ಅಂದ್ರ್."

ಗೂಟ ನೋಡಿಕೊಂಡು ಹೋದರೆ ಭಯವಿಲ್ಲವೆಂದು ಭಾವ ವಿಷ್ಣುಮೂರ್ತಿಗೆ ಕಲಿಸಿದವನು ನಾನೇ. ಮಗಳು ರತ್ನಳಿಗೆ ಆರು ವರ್ಷ. ಈಜು ಬಾರದು.

3-25, ಕಡವು

ಚಂದಯ್ಯನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇಳ್ತ ಜೋರಿತ್ತ್. ನೀವ್ ಬಪ್ಪುದ್ ಬ್ಯಾಡ, ದೋಣಿ ಭಾರ ಆತ್ತ್" ಎಂದು ಹೊರಟ.

ಗೂಟ ಇರುವುದು ಹೊಳೆಯ ತಿರುವಿನಾಚೆ, ಇಲ್ಲಿಂದ ಏನೂ ಕಾಣುವುದಿಲ್ಲ. ಜೇಬಿನಿಂದ ಈ ದಿನಚರಿ ತೆಗೆದೆ. ಬರೆಯದಿದ್ದರೆ ಕೂಗಿಬಿಡುತ್ತೇನೆ. ದೇವರೇ, ಮರಳಿಗೆ ಕಚ್ಚಿ ಸುಮ್ಮನೆ ಕೂತಿರಲಿ. ದೋಣಿ ಸೆಳೆತಕ್ಕೆ ಅಡ್ಡ ತಿರುಗಿ ಮಗುಚದಿರಲಿ.

5-10

ಚಂದಯ್ಯನ ದೋಣಿ. ಗೂಟ ಅದರಲ್ಲಿದೆ. ವಿಷ್ಣುಮೂರ್ತಿ ಇದ್ದಾನೆ. ಗೋಮತಿಯೂ — ಸೀರೆಯೆಲ್ಲ ಒದ್ದೆ. ಅವಳ ಮಡಿಲಲ್ಲಿ ರತ್ನಳ ಹಸಿರು ಲಂಗ.

ಕರೆದೆ. ಚಂದಯ್ಯ ನನ್ನತ್ತ ನೋಡಲಿಲ್ಲ. ಇನ್ನೂ ಹತ್ತಿರ ಬರಲಿ, ಇಲ್ಲಿಂದ ಸರಿಯಾಗಿ ಕಾಣುವುದಿಲ್ಲ... ತಲೆ ಎತ್ತು ರತ್ನಾ. ಒಮ್ಮೆ ತಲೆ ಎತ್ತು, ನಾನು