ಮೂರು ಕಪ್ಪಿನದೇ ಸರಿ

ಕ್ಯಾರಿ
೧೨ ಅಕ್ಟೋಬರ್ ೧೯೯೬, ಶನಿವಾರ

ಚಿ. ಸೌ. ಮೈಥಿಲಿಗೆ,

ರಾಯರ ಪೂಜೆ ಮುಗಿಸಿ, ಬಿಸಿ ಕಾಫಿಯ ಲೋಟ ಪಕ್ಕದಲ್ಲಿಟ್ಟುಕೊಂಡು ಅಮ್ಮ ಮಾಡುವ ಆಶೀರ್ವಾದ. ಅಳಿಯಂದಿರಿಗೂ ತಿಳಿಸು.

ನೀನು ಎಲಿಕಾಟ್ ಸಿಟಿಯಿಂದ ಕಳಿಸಿದ ಇಟಲಿಯವರ ಕಾಫಿ ಪಾತ್ರೆ ತಲುಪಿತು. ನಮ್ಮ ಫಿಲ್ಟರಿನ ಹಾಗೆಯೇ ಎರಡು ಅಂತಸ್ತು, ನಡುವೆ ಪುಡಿ. ಕೆಳಗಿನ ನೀರು ಕುದಿದ ಮೇಲೆ ಇಡೀ ಪಾತ್ರೆಯನ್ನೇ ತಲೆಕೆಳಗು ಮಾಡಿದರೆ ಡಿಕಾಕ್ಷನ್ ಇಳಿಯುತ್ತದೆ. ಒಳ್ಳೆಯ ಪಾತ್ರೆ. ಆದರೆ ಒಂಬತ್ತು ಕಪ್ಪಿನದನ್ನೇ ಯಾಕೆ ಕಳಿಸಿದೆ ಎಂದು ನನಗೆ ಗೊತ್ತು. "ಅದನ್ನ ತಗೊಂಡು ಇಲ್ಲಿಗೇ ಬಂದ್ಬಿಡಮ್ಮ, ಎಲ್ರಿಗೂ ಒಂದೇ ಸಲ ಕಾಫಿ ಆಗತ್ತೆ. ಡ್ರೈವ್ ಮಾಡಕ್ಕೆ ಬರದೆ ಕ್ಯಾರೀಲಿ ಒಬ್ಬಳೇ ಹೇಗಿರ್ತೀಯ?" ಎಂದು ಫೋನಿನಲ್ಲಿ ಅಂದೆಯಲ್ಲ. ನಿನ್ನ ಅಪ್ಪ ಹೋದಾಗಿನಿಂದ ಪ್ರತಿ ಭಾನುವಾರ ಅದೇ ಮಾತು.

ಮೊದಲ ದಿನ ಒಬ್ಬಳಿಗೆ ಸಾಕೆಂದು ಸ್ವಲ್ಪ ನೀರು, ಎರಡು ಚಮಚ ಪುಡಿ ಹಾಕಿದೆ. ಪುಡಿ ತಳ ಮುಚ್ಚುವಷ್ಟೂ ಇರಲಿಲ್ಲ. ತಿರುಗಿಸಿದ ಕೂಡಲೇ ನೀರು ಹಾಗೆಯೇ ಇಳಿದುಬಿಟ್ಟಿತು. ಎದುರು ಮನೆಯ ಅಖ್ತರ್ ಬೇಗಂ ಒಂದು ಗುಟುಕು ಕುಡಿದು, "ಏನ್ ನೀರಜಮ್ಮ, ಲೋಟ ತೊಳೆದ ನೀರು ಕೊಟ್ರಾ?" ಅಂದರು. ಮರುದಿನ ಪಾತ್ರೆ ತುಂಬ ಮಾಡಿದೆ. ರುಚಿ ಬಂತು, ಆದರೆ ಸಂಜೆಯವರೆಗೂ ಮುಗಿಯಲಿಲ್ಲ. ಬಿಸಿ ಮಾಡಿ ಮಾಡಿ ಕುಡಿದು ಎದೆಯುರಿ ಬಂತು. ಅರ್ಧ ಮಾಡಿಕೊಂಡರೆ ಈ ಪಾತ್ರೆ ಒಲಿಯುವುದಿಲ್ಲ.

ಮಂಗಳವಾರ ಪಕ್ಕದೂರು ರಾಲಿಯ ಇಟಲಿಯವರ ಅಂಗಡಿಗೆ ಹೋಗಿ ಅಂಥದೇ ಚಿಕ್ಕದು ಕೇಳಿದೆ. ಮನೆಯಲ್ಲಿ ಎಷ್ಟು ಜನ ಎಂದು ಅಂಗಡಿಯ ಅಜ್ಜಿ ಕೇಳಿದಳು. ಒಬ್ಬಳೇ ಎಂದೆ. ಹಾಗೆ ಹೇಳುವುದು ಕಷ್ಟವಾದೀತು ಅಂದುಕೊಂಡಿದ್ದೆ, ಆಗಲಿಲ್ಲ. ಆಕೆ ಒಂದು ಕಪ್ಪಿನದನ್ನು ತೆಗೆದಳು. ಅವರ ಕಪ್ಪೆಂದರೆ ನನ್ನ ಪಂಚಪಾತ್ರೆಗಿಂತ ಚಿಕ್ಕದು ಕಣೆ. ಅವರು ಹಾಲಿಲ್ಲದೆ ಕುಡಿಯುವವರು, ನಮಗೆ ಅದು ಬರೀ ಡಿಕಾಕ್ಷನ್. ಯೋಚಿಸಿ ಮೂರು ಕಪ್ಪಿನದು ತಂದೆ. ಹಾಲು ಬೆರೆಸಿದರೆ ಸರಿಯಾಗಿ ಎರಡು ಲೋಟ. ಒಂದು ನನಗೆ, ಒಂದು ಬಂದವರಿಗೆ.

ಇವತ್ತು ನೊರೆ ಬರಿಸಿ ಕೊಟ್ಟೆ. ಬೇಗಂ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಇನ್ಮೇಲೆ ನಮ್ಮನೇಲಿ ಕಾಫಿ ಬಂದ್" ಅಂದರು.

ಮೈಥಿಲಿ, ನಾನು ಅಲ್ಲಿಗೆ ಇರಲು ಬರುವುದಿಲ್ಲ. ಕೋಪವೇನಿಲ್ಲ. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋಗುತ್ತೇನೆ. ದೊಡ್ಡ ಪಾತ್ರೆಯನ್ನು ತೊಳೆದು ಕಟ್ಟಿಟ್ಟಿದ್ದೇನೆ, ನಿಮ್ಮ ಮನೆಗೆ ಅದೇ ಸರಿ. ನನ್ನ ಮನೆ ಇದು.

ನೀನು ಚೆನ್ನಾಗಿರಬೇಕೆಂದು ದಿನವೂ ರಾಯರಿಗೆ ಹೇಳುವ,
ನಿನ್ನ ಅಮ್ಮ
ನೀರಜಾ

ತಾ.ಕ.: ಅಪ್ಪನ ಕಾರು ಮಾರುವುದು ಬೇಡ ಎಂದು ನಿನ್ನ ತಮ್ಮ ಶ್ರೇಯಸ್‌ಗೆ ಹೇಳು. ರಾಲಿಗೆ ಅದರಲ್ಲೇ ಹೋಗಿದ್ದೆ, ನಾನೇ ಓಡಿಸಿಕೊಂಡು. ಹೋದ ತಿಂಗಳು ಲೈಸೆನ್ಸ್ ಬಂತು. ಕಲಿಸಿದವರು ಬೇಗಂ. ಆದರೂ ಹೈವೇ ಮುಗಿಯುವವರೆಗೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ದುವಾ ಮಾಡುತ್ತಲೇ ಇದ್ದರು.