ತಲೆ ಅಲ್ಲಾಡಿಸಬೇಡಿ

ಸೆಲೂನಿನ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಊರಿಗೆಲ್ಲ ಸಿಸ್ಟರ್, ನನಗೊಬ್ಬನಿಗೆ ಹೆಂಡತಿಯಾದವಳೇ,

ಹೇಗಿದ್ದೀಯ? ಹೊಟ್ಟೆಗೇನಾದ್ರೂ ತಿಂತಿದ್ದೀಯೋ, ಇಲ್ಲ ವಾರ್ಡು ವಾರ್ಡು ಅಂತ ಬರೀ ಟೀ ಕುಡ್ಕೊಂಡು ಓಡಾಡ್ತಿದ್ದೀಯೋ? ಕರ್ಫ್ಯೂ ಹಾಕಿ, ನೀನು ಆಸ್ಪತ್ರೆಯಲ್ಲೇ ಸಿಕ್ಕಿಹಾಕಿಕೊಂಡು ಇವತ್ತಿಗೆ ನಾಲ್ಕು ದಿನ. ಫೋನ್ ಸತ್ತಿದೆ. ನಿಮ್ಮ ಆಂಬ್ಯುಲೆನ್ಸ್ ಡ್ರೈವರಣ್ಣ ಬೀದಿ ತುದಿಯಲ್ಲಿ ಗಾಡಿ ನಿಲ್ಲಿಸ್ಕೊಂಡಿದ್ದಾನೆ, ಹತ್ತು ನಿಮಿಷದಲ್ಲಿ ಬರೆದು ಕೊಡು ಅಂದಿದ್ದಾನೆ. ನಾನು, ಮಗಳು ಇಬ್ಬರೂ ಬದುಕಿದ್ದೀವಿ. ಗಿಣಿಗೆ ಒಂದು ಗೀರೂ ಆಗಿಲ್ಲ. ಇಷ್ಟು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು.

ಬೆಳಿಗ್ಗೆ ಹತ್ತಕ್ಕೆ ಗಲಭೆಯವರು ಗುಂಪು ಕಟ್ಕೊಂಡು ಬಂದರು ಕಣೇ. ಮೊದಲು ಎದುರಿನ ಚಪ್ಪಲಿ ಅಂಗಡಿಗೆ ಬೆಂಕಿ ಬಿತ್ತು. ಅಂಗಡಿಯವನನ್ನ ಕೂದಲು ಹಿಡಿದು ಎಳ್ಕೊಂಡು ಬಂದು ರಸ್ತೆ ಮಧ್ಯೆ ಹಾಕಿ ತುಳಿದರು. ಷಟರ್ ಸಂದಿಯಿಂದ ನೋಡಿದೆ, ನೋಡಬಾರದಿತ್ತು. ನಿನ್ನ ಮಗಳು, ಏಳು ವರ್ಷಕ್ಕೇ ಎಪ್ಪತ್ತರ ಮಾತಾಡೋಳು, ನನ್ನ ಅಂಗಿ ತುದಿ ಬಾಯಲ್ಲಿ ಕಚ್ಚಿ ಹಿಡ್ಕೊಂಡಿದ್ಲು. ಕೌಂಟರ್ ಕೆಳಗೆ ಟವೆಲ್ ಇಡೋ ಗೂಡಲ್ಲಿ ಅವಳನ್ನ ತುರುಕಿದೆ. ಜ್ವರ ಬಂದಾಗ ಆಟ ಆಡಿಸ್ತೀನಲ್ಲ, ಹಾಗೇ ಬ್ರಷ್ಷಲ್ಲಿ ಸೋಪಿನ ನೊರೆ ಎಬ್ಬಿಸಿ ಕೆನ್ನೆಗೆ ಹಚ್ಚಿದೆ. "ಏನೂ ಆಗಲ್ಲ, ಅಪ್ಪ ಇದ್ದೀನಿ" ಅಂದೆ. ನಿಜ ಹೇಳ್ತೀನಿ, ಅವಳ ಕೆನ್ನೆ ಮುಟ್ಟಿದ ಮೇಲೇ ನನ್ನ ಕೈ ನಡುಕ ನಿಂತಿದ್ದು. ಯಾರು ಯಾರಿಗೆ ಸಮಾಧಾನ ಮಾಡಿದ್ವೋ!

ಅಷ್ಟರಲ್ಲಿ ಷಟರ್ ಕಿತ್ತು ಬಂತು. ಕಬ್ಬಿಣದ ರಾಡು ಹಿಡ್ಕೊಂಡು ನುಗ್ಗಿದವನು ಯಾರು ಗೊತ್ತಾ? ನಮ್ಮ ಟೈರ್ ಅಂಗಡಿಯವನು. ಪ್ರತಿ ಭಾನುವಾರ ನನ್ನ ಕುರ್ಚಿಯಲ್ಲಿ ಗೊರಕೆ ಹೊಡೀತಿದ್ದ ನನ್ಮಗ! ಮೊದಲ ಏಟಿಗೆ ಕನ್ನಡಿ ಹೋಯ್ತು, ಎರಡನೇದು ನನ್ನ ಭುಜಕ್ಕೆ. ಮೂರನೇದಕ್ಕೆ ಕೌಂಟರ್ ಕಡೆ ತಿರುಗಿದ. ಗಿಣಿ ಕಿರುಚಿಬಿಟ್ಟಳು. ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಹಿಂದಿನಿಂದ ಎಡಗೈಯಲ್ಲಿ ಅವನ ಗದ್ದ ಹಿಡಿದೆತ್ತಿ, ಕ್ಷೌರದ ಕತ್ತಿ ಕುತ್ತಿಗೆಗೆ ಇಟ್ಟು, ಹಾಳು ಅಭ್ಯಾಸ ನೋಡು, "ತಲೆ ಅಲ್ಲಾಡಿಸಬೇಡಿ" ಅಂದೆ. ಅದೂ ಬಹುವಚನ ಕೊಟ್ಟು! ಅವನೂ ಅಭ್ಯಾಸಬಲ, ಕಣ್ಣು ಮುಚ್ಚಿ ಗೊಂಬೆ ಹಾಗೆ ನಿಂತುಬಿಟ್ಟ. ಆಗ ಹೊರಗಿಂದ ಒಂದು ಕಲ್ಲು ಬಂದು ಟ್ಯೂಬ್‌ಲೈಟಿಗೆ ಬಡಿಯಿತು. ಅವನು ಬೆಚ್ಚಿದ. ಕತ್ತಿ ಒಳಗೆ ಹೋಯ್ತು. ಕೈ ಜಾರಿತೋ, ನಾನೇ ಎಳೆದೆನೋ, ದೇವರಾಣೆ ನನಗೆ ಗೊತ್ತಿಲ್ಲ. ರಕ್ತ ಗಿಣಿಯ ಮುಖದ ನೊರೆ ಮೇಲೆ ಚಿಮ್ಮಿತು. ಅವನ ಕಡೆಯವರು ಅವನನ್ನ ಹೊತ್ಕೊಂಡು ಓಡಿದರು.

ಮೂರು ಸಲ ಕೈ ತೊಳೆದು ಅವಳ ಮುಖ ಒರೆಸೋಕೆ ಹೋದೆ. "ನಿನ್ನ ಕೈ ಬೇಡ" ಅಂದು ಗೋಡೆ ಕಡೆ ತಿರುಗಿದಳು. ರಾಡಿನ ಏಟು ಏನೂ ಅಲ್ಲ ಕಣೇ, ಇದನ್ನ ತಡ್ಕೊಳ್ಳೋಕೆ ಆಗ್ತಿಲ್ಲ. ಎರಡು ಗಂಟೆ ಆಯ್ತು, ಹಾಗೇ ಕೂತಿದ್ದಾಳೆ, ನೊರೆ ಕೆನ್ನೆ ಮೇಲೆ ಕೆಂಪಗೆ ಒಣಗಿದೆ. ನೀನಿದ್ದಿದ್ರೆ ನಿನ್ನ ಮಡಿಲಿಗೆ ಬೀಳ್ತಿದ್ದಳು. ನಾನೂ ಬೀಳ್ತಿದ್ದೆ.

ನೀನು ಹುಷಾರು. ಕಿಟಕಿ ಹತ್ತಿರ ಮಲಗಬೇಡ. ಡ್ರೈವರಣ್ಣನಿಗೆ ಒಂದು ಲೋಟ ಟೀ ಕೊಡು, ಪ್ರಾಣ ಒತ್ತೆ ಇಟ್ಟು ಓಡಾಡ್ತಿದ್ದಾನೆ.

ನಿನ್ನವನು,
ಗಿಣಿಯ ಅಪ್ಪ

ತಾ.ಕ.: ಮರೆತಿದ್ದಲ್ಲ, ಬರೆಯೋಕೆ ಧೈರ್ಯ ಬರಲಿಲ್ಲ. ಅವನನ್ನ ನಿಮ್ಮ ಆಸ್ಪತ್ರೆಗೇ ಸೇರಿಸಿದ್ದಾರೆ, ಡ್ರೈವರಣ್ಣನೇ ಒಯ್ದಿದ್ದಂತೆ. ಗಿಣಿ ಈಗಷ್ಟೇ ಬಾಯಿ ಬಿಟ್ಟಳು: "ಟೈರ್ ಮಾಮ ಸತ್ತುಹೋದ್ನಾ?" ಇಲ್ಲ ಮಗಳೇ, ಅಮ್ಮ ನೋಡ್ಕೊಳ್ತಿದ್ದಾಳೆ, ಬದುಕಿದ್ದಾನೆ ಅಂದುಬಿಟ್ಟೆ. ಆಗ ನನ್ನ ಬೆರಳು ಹಿಡ್ಕೊಂಡಳು. ಒಂದೇ ಒಂದು ಬೆರಳು. ಕೈ ಮುಗೀತೀನಿ ಕಣೇ, ಹೇಗಾದ್ರೂ ಮಾಡಿ ಅವನನ್ನ ಉಳಿಸು.